ಸ್ಲ್ಯಾಬ್ ಪೂಜೆಯ ಹದಿನೇಳು ಬರಿತಲೆಗಳು

ದೇವರಿಗೆ ಕೈ ಮುಗಿದು ನಿಂತಿದ್ದ ಹದಿನೇಳು ಜನರ ಮೇಲೆ ಕಳೆದ ತಿಂಗಳು ನಮ್ಮ ಸೈಟಿನಲ್ಲಿ ದೂರು ದಾಖಲಾಯಿತು. ದೂರು ಕೊಟ್ಟದ್ದು ಮನುಷ್ಯರಲ್ಲ. ಕ್ರೇನಿನ ಮೇಲೆ ಕೂತಿದ್ದ ಕ್ಯಾಮೆರಾ.

ಡೊಂಬಿವಲಿ ಪೂರ್ವದ ನಮ್ಮ ಹಳೇ ಬಿಲ್ಡಿಂಗ್ ಕೆಡವಿ ಹೊಸದು ಕಟ್ಟುತ್ತಿರುವುದು ಈ ಅಂಕಣ ಓದುವವರಿಗೆಲ್ಲ ಗೊತ್ತು. (ಎಷ್ಟು ಸಲ ಬರೆದಿದ್ದೇನೆ ಅಂದರೆ, "ಬಿಲ್ಡಿಂಗ್ ಎದ್ದ ಮೇಲೆ ಏನು ಬರೀತೀರಿ?" ಅಂತ ಹೆಂಡತಿ ಕೇಳುತ್ತಾಳೆ.) ಅದು ಮುಗಿಯುವವರೆಗೆ ನಮ್ಮ ವಾಸ ಕಲ್ಯಾಣದ ಬಾಡಿಗೆ ಮನೆಯಲ್ಲಿ. ಕಟ್ಟಡ ನೋಡಬೇಕು ಅನ್ನಿಸಿದರೆ ಸ್ಲೋ ಲೋಕಲ್ ಹತ್ತಿ ಎರಡನೇ ಸ್ಟೇಷನ್ನಿನಲ್ಲಿ ಇಳಿದರಾಯಿತು.

ಮೊದಲು ಪ್ರತಿ ಭಾನುವಾರ ಇಳಿಯುತ್ತಿದ್ದೆವು. ಈಗ ಕಡಿಮೆ. ಯಾಕೆಂದರೆ ಬಿಲ್ಡರ್ ಒಂದು ಆ್ಯಪ್ ಕೊಟ್ಟಿದ್ದಾನೆ.

ಸೈಟಿನಲ್ಲಿ ನಾಲ್ಕು ಕ್ಯಾಮೆರಾ. ವಾರಕ್ಕೊಮ್ಮೆ ಹಾರುವ ಡ್ರೋನ್. ಅವು ತೆಗೆದ ಚಿತ್ರಗಳನ್ನೆಲ್ಲ ಎಐ ನೋಡುತ್ತದೆ. ಎಷ್ಟು ಕಂಬ ಎದ್ದಿತು, ಕಬ್ಬಿಣ ನಕ್ಷೆಯ ಪ್ರಕಾರ ಕಟ್ಟಿದ್ದಾರಾ, ಕೆಲಸ ಎಷ್ಟು ದಿನ ಹಿಂದೆ ಬಿದ್ದಿದೆ, ಯಾರ ತಲೆ ಮೇಲೆ ಹೆಲ್ಮೆಟ್ ಇಲ್ಲ. ಶನಿವಾರ ಸಂಜೆ ರಿಪೋರ್ಟ್ ನಮ್ಮ ಮೊಬೈಲಿಗೆ ಬರುತ್ತದೆ.

ಸುಮ್ಮನೆ ಹೇಳುವುದಲ್ಲ, ಒಳ್ಳೆಯ ಕೆಲಸವನ್ನೇ ಮಾಡುತ್ತದೆ. ಮೂರನೇ ಮಹಡಿಯ ಒಂದು ಬೀಮಿನಲ್ಲಿ ಎರಡು ಸರಳು ಕಡಿಮೆ ಇದ್ದದ್ದನ್ನು ಅದೇ ಹಿಡಿಯಿತು. ಕಾಂಕ್ರೀಟ್ ಬೀಳುವ ಮೊದಲೇ. ನಾವು ಮನೆಯವರೆಲ್ಲ ಸಾಲಾಗಿ ಹೋಗಿ ನಿಂತರೂ ಅದು ನಮಗೆ ಕಾಣುತ್ತಿತ್ತಾ? ನಾವು ನೋಡುತ್ತಿದ್ದದ್ದು ನಮ್ಮ ಬಾಲ್ಕನಿ ಯಾವ ಕಡೆ ಬರುತ್ತದೆ ಅನ್ನುವುದನ್ನು ಮಾತ್ರ.

ಈ ಸೈಟಿನ ಸೂಪರ್‌ವೈಸರ್ ಶಿವಪ್ಪ. ವಿಜಯಪುರ ಜಿಲ್ಲೆಯವರು. ಇಪ್ಪತ್ತು ವರ್ಷದ ಹಿಂದೆ ಸೆಂಟ್ರಿಂಗ್ ಹಲಗೆ ಹೊರಲಿಕ್ಕೆ ಬಂದವರು, ಕೆಲಸ ಕಲಿತು ಮೇಲೆ ಬಂದಿದ್ದಾರೆ. ನಾನು ಕುಂದಾಪುರದವನು. ನನ್ನದು "ಪುಸ್ತಕದಾಗಿನ ಕನ್ನಡ" ಅಂತ ಅವರು ನಗುತ್ತಾರೆ. (ನಮ್ಮೂರಿನವರು ಕೇಳಿದರೆ ಅವರೂ ನಗುತ್ತಾರೆ, ಬೇರೆ ಕಾರಣಕ್ಕೆ.) ಮಾತು ಗಂಭೀರವಾದರೆ ಇಬ್ಬರೂ ಹಿಂದಿಗೆ ಜಾರುತ್ತೇವೆ.

ಹೆಲ್ಮೆಟ್ ವಿಷಯದಲ್ಲಿ ಶಿವಪ್ಪನವರಷ್ಟು ಕಟ್ಟುನಿಟ್ಟಿನವರನ್ನು ನಾನು ಕಂಡಿಲ್ಲ. ಅದಕ್ಕೆ ಕಾರಣವೂ ಇದೆ. ಮುಂಬ್ರಾದ ಒಂದು ಸೈಟಿನಲ್ಲಿ ತಮ್ಮೂರಿನವನೊಬ್ಬನ ತಲೆ ಮೇಲೆ ನಟ್ಟು ಬಿಗಿಯುವ ಪಾನಾ ಬಿದ್ದದ್ದನ್ನು ಅವರು ಕಣ್ಣಾರೆ ಕಂಡವರು.

"ಅಂಗೈಯಷ್ಟ ಪಾನಾ ಇತ್ರಿ ಸರ. ಐದನೇ ಮಜಲಿಯಿಂದ ಬಿತ್ತು. ಈಗ ಅಂವ ಊರಾಗ ಕುಂತಾನ. ಹೆಂಡತಿ ಹೆಸರು ನೆನಪಿಲ್ಲ ಅವಗ."

ಇಂಥ ಮನುಷ್ಯನಿಗೆ ಹೆಲ್ಮೆಟ್ ತೆಗೆಯಿರಿ ಅಂತ ಹೇಳಿದವನು ನಾನು.

ಅವತ್ತು ಏಳನೇ ಸ್ಲ್ಯಾಬು. ಅಂದರೆ ಮುಂದೆ ನಮ್ಮ ಮನೆಯ ನೆಲ. ಸ್ಲ್ಯಾಬ್ ಬೀಳುವ ದಿನ ಕಾಯಿ ಒಡೆಯದೆ ನಮ್ಮಲ್ಲಿ ಯಾರು ಕೆಲಸ ಸುರು ಮಾಡುತ್ತಾರೆ ಹೇಳಿ? ಥಾಣೆಯಿಂದ ಭಟ್ಟರನ್ನು ಕರೆಸಿದೆ. ಕಾಂಕ್ರೀಟ್ ಪಂಪಿನ ಪೈಪಿಗೆ ಚೆಂಡು ಹೂವಿನ ಹಾರ, ಮೂಲೆಯ ಸರಳುಗಳಿಗೆ ಅರಿಶಿನ ಕುಂಕುಮ. ಕೆಲಸದವರಿಗೆ ಹಂಚಲಿಕ್ಕೆ ಹೆಂಡತಿ ಬೆಳಿಗ್ಗೆ ಎದ್ದು ಮಾಡಿದ ಶೀರಾ. ಎಲ್ಲ ಸರಿಯಿತ್ತು. ಆದರೆ ಆರತಿಯ ಎದುರು ಸಾಲಾಗಿ ನಿಂತ ಅಷ್ಟೂ ಜನರ ತಲೆ ಮೇಲೆ ಹಳದಿ ಪ್ಲಾಸ್ಟಿಕ್, ಕಾಲಲ್ಲಿ ಗಮ್‌ಬೂಟ್. ನನ್ನ ಮನಸ್ಸಿಗೆ ಒಗ್ಗಲಿಲ್ಲ.

"ಶಿವಪ್ಪ, ಒಂದೈದು ನಿಮಿಷ ಬೂಟು, ಹೆಲ್ಮೆಟ್ ತೆಗೀಲಿಕ್ಕೆ ಹೇಳಿ ಮಾರಾಯ್ರೆ" ಅಂದೆ.

"ಬ್ಯಾಡ್ರಿ ಸರ. ಹೆಲ್ಮೆಟ್ ಹಾಕ್ಕೊಂಡ್ರ ದೇವ್ರು ಏನೂ ಅನ್ನಂಗಿಲ್ಲ. ಮ್ಯಾಲ ಕ್ಯಾಮೆರಾ ಅದ."

"ಇದು ಪೂಜೆ ಅಂತ ಕ್ಯಾಮೆರಾಕ್ಕೂ ಗೊತ್ತಾಗ್ತದೆ. ಅಷ್ಟು ಬುದ್ಧಿ ಇಲ್ವಾ ಅದಕ್ಕೆ?"

(ಹೀಗಂದವನು, ಮನೆಗೆ ಬಂದವರಿಗೆಲ್ಲ ಆ ಆ್ಯಪ್ ತೋರಿಸಿ ಹೊಗಳುತ್ತಿದ್ದವನು. ಭಕ್ತಿ ಎರಡೂ ಕಡೆ ಇತ್ತು.)

ಶಿವಪ್ಪ ನನ್ನ ಮುಖ ನೋಡಿದರು. ಫ್ಲ್ಯಾಟಿನ ಮಾಲೀಕ, ಸೊಸೈಟಿಯ ಕಮಿಟಿ ಮೆಂಬರ್, ಸಾಲದ್ದಕ್ಕೆ ಕನ್ನಡದವನು. ಇಲ್ಲ ಅನ್ನುವುದು ಹೇಗೆ? ಮೊದಲು ತಮ್ಮ ಹೆಲ್ಮೆಟ್ ತೆಗೆದು ಕೆಳಗಿಟ್ಟರು. ಹಿಂದೆಯೇ ಉಳಿದ ಹದಿನಾರು ಜನ ತೆಗೆದರು. ಮಂಗಳಾರತಿಯಾಯಿತು, ಕಾಯಿ ಒಡೆಯಿತು, ಶೀರಾ ಹಂಚಿಯಾಯಿತು. ಐದು ನಿಮಿಷ ಅಂದದ್ದು ಹನ್ನೆರಡಾಯಿತು. ಯಾರ ತಲೆಯ ಮೇಲೂ ಏನೂ ಬೀಳಲಿಲ್ಲ.

ಶನಿವಾರ ರಿಪೋರ್ಟ್ ಬಂತು. ಸೇಫ್ಟಿ ಅಂಕ ತೊಂಬತ್ತೆಂಟರಿಂದ ಅರವತ್ತೊಂದಕ್ಕೆ ಇಳಿದಿತ್ತು. ಕಾರಣ: ಸಾಮೂಹಿಕ ಉಲ್ಲಂಘನೆ, ಹದಿನೇಳು. ಹೊಣೆ: ಸೂಪರ್‌ವೈಸರ್.

ಸೋಮವಾರ ಶಿವಪ್ಪನವರ ವಾಟ್ಸ್ಯಾಪ್ ಬಂತು. ಒಂದು ಇಂಗ್ಲಿಷ್ ಪತ್ರದ ಫೋಟೋ, ಅದರ ಕೆಳಗೆ "ಸರ, ಇದು ಏನಂತದ್ರಿ?" ಅನ್ನುವ ವಾಯ್ಸ್ ಮೆಸೇಜು. ಓದಿದೆ. ಈ ತಿಂಗಳ ಕೊನೆಗೆ ಅವರನ್ನು ಈ ಸೈಟಿನಿಂದ ತೆಗೆಯುತ್ತಾರೆ ಅಂತಿತ್ತು. ಸೈಟ್ ಹೋದರೆ ಸೈಟಿನ ಪಕ್ಕದಲ್ಲಿ ಅವರು ಸಂಸಾರ ಹೂಡಿದ್ದ ಖೋಲಿಯೂ ಹೋಗುತ್ತದೆ. ಅವರ ಮಗಳು ಡೊಂಬಿವಲಿಯ ಶಾಲೆಯಲ್ಲಿ ಹತ್ತನೇ ಕ್ಲಾಸು. ಇಷ್ಟನ್ನು ನಾನು ಕನ್ನಡದಲ್ಲಿ ಹೇಗೆ ಹೇಳಲಿ? ಹಿಂದಿಯಲ್ಲಿ ಹೇಳಿದೆ.

ಮರುದಿನ ಥಾಣೆಗೆ, ಬಿಲ್ಡರನ ಆಫೀಸಿಗೆ ಹೋದೆ. ಪ್ರಥಮೇಶ್ ಅನ್ನುವ ತರುಣ ಇಂಜಿನಿಯರ್. ಬಹಳ ಮರ್ಯಾದಸ್ಥ, ಎದುರಿಗೆ ಎರಡು ಸ್ಕ್ರೀನು. ಅದು ಪೂಜೆ, ಮಾಡಿಸಿದವನು ನಾನು ಅಂತ ವಿವರಿಸಿದೆ. ಅವನು ಒಂದು ಫಾರ್ಮ್ ತೆರೆದು ತೋರಿಸಿದ. ಹೆಲ್ಮೆಟ್ ಇಲ್ಲದ್ದಕ್ಕೆ ಕಾರಣ: ಸೆಕೆ, ಅಜಾಗರೂಕತೆ, ಹೆಲ್ಮೆಟ್ ಕೊರತೆ, ಇತರೆ.

"ಪೂಜೆ ಅಂತ ಬರೆಯಿರಿ."

"ಸರ್, ವೋ ಆಪ್ಷನ್ ಹೀ ನಹೀ ಹೈ." ಆ ಆಯ್ಕೆಯೇ ಇಲ್ಲವಂತೆ.

"ಇತರೆ ಅಂತ ಹಾಕಿ, ಹಾಗಾದರೆ."

ಇತರೆ ಅಂತ ಹಾಕಿದರೆ ಸಿಸ್ಟಮ್ ಅದನ್ನು ಅಜಾಗರೂಕತೆಗೇ ಸೇರಿಸುತ್ತದಂತೆ. ನಿಮ್ಮ ಸಾಹೇಬರನ್ನು ಕಾಣಬಹುದಾ ಅಂದೆ. "ಸಾಹೇಬ್ ಭೀ ಯಹೀ ಸ್ಕ್ರೀನ್ ದೇಖತೇ ಹೈ" ಅಂದ. ಸಾಹೇಬರು ನೋಡುವುದೂ ಇದೇ ಸ್ಕ್ರೀನನ್ನಂತೆ.

ಹಿಂದಿನ ಬಿಲ್ಡರುಗಳೇನು ದೇವತೆಗಳಾಗಿರಲಿಲ್ಲ. ಆದರೆ ಸೇಠ್ ಸಿಟ್ಟಾದರೆ ಬಾಗಿಲಲ್ಲಿ ಕಾಯಬಹುದಿತ್ತು. ಚಹಾ ಬರುತ್ತಿತ್ತು. ಕೂಗಾಡಬಹುದಿತ್ತು, ಎರಡು ದಿನ ಬಿಟ್ಟು ಮತ್ತೆ ಹೋಗಬಹುದಿತ್ತು. ಈಗ "ಸಿಸ್ಟಮ್ ಹೇಳಿದೆ" ಅಂದರೆ ಯಾರ ಬಾಗಿಲಲ್ಲಿ ಕಾಯುವುದು? ಪ್ರಥಮೇಶನ ಮೇಲೆ ರೇಗಲಿಕ್ಕೂ ಆಗಲಿಲ್ಲ. ಅವನು ನನಗೆ ಎರಡು ಸಲ ನೀರು ಕೊಟ್ಟ.

ಕೊನೆಗೆ ಅವನೇ ವಿಡಿಯೋ ಹಾಕಿದ. ಮೇಲಿಂದ ತೆಗೆದದ್ದು. ಹದಿನೇಳು ತಲೆ, ಪ್ರತಿ ತಲೆಯ ಸುತ್ತ ಕೆಂಪು ಚೌಕ. ನಡುವೆ ಬಿಳಿ ಶರ್ಟಿನ ಒಬ್ಬ ಬರಿತಲೆಯವನು ಒಬ್ಬೊಬ್ಬರ ಬೂಟಿಗೂ ಬೆರಳು ತೋರಿಸುತ್ತಾ ಓಡಾಡುತ್ತಿದ್ದಾನೆ. ಅವನ ತಲೆಗೆ ಚೌಕ ಇಲ್ಲ.

"ನನಗೆ ಯಾಕಿಲ್ಲ?" ಅಂತ ಕೇಳಿದೆ.

ನೀವು ಕಿತ್ತಳೆ ಬಣ್ಣದ ಜಾಕೆಟ್ ಹಾಕಿಲ್ಲವಲ್ಲ ಸರ್ ಅಂದ. ಜಾಕೆಟ್ ಹಾಕಿದವರನ್ನು ಮಾತ್ರ ಅದು ಕೆಲಸದವರು ಅಂತ ಲೆಕ್ಕ ಹಿಡಿಯುತ್ತದಂತೆ. ಭಟ್ಟರಿಗೂ ಚೌಕ ಇರಲಿಲ್ಲ. ಪೂಜೆ ಮಾಡಿದವರು, ಮಾಡಿಸಿದವನು, ಇಬ್ಬರೂ ಲೆಕ್ಕದಿಂದ ಹೊರಗೆ. ನನಗೆ ನಾಚಿಕೆಯಾಯಿತು. ಒಳಗೆಲ್ಲೋ ಸಣ್ಣದೊಂದು ನೆಮ್ಮದಿಯೂ ಆಯಿತು. ನಾಚಿಕೆ ಹೆಚ್ಚಾದದ್ದು ಅದರಿಂದಲೇ.

ಸೊಸೈಟಿಯ ಲೆಟರ್‌ಹೆಡ್ಡಿನಲ್ಲಿ ಬರೆದುಕೊಟ್ಟರೆ ನೋಡಬಹುದು ಅಂತ ಪ್ರಥಮೇಶ್ ಹೇಳಿದ್ದ. ಕಮಿಟಿ ಸೇರಿತು. ಎಲ್ಲರಿಗೂ ಶಿವಪ್ಪ ಒಳ್ಳೆಯವರು. ಎಲ್ಲರೂ ಅವತ್ತು ನಾನು ಮನೆಗೆ ಕಳಿಸಿದ ಶೀರಾ ತಿಂದವರು. ಆದರೆ ಪೂಜೆ ನಾವೇ ಮಾಡಿಸಿದ್ದು ಅಂತ ಬರೆದುಕೊಟ್ಟು, ನಾಳೆ ಸೈಟಿನಲ್ಲಿ ಏನಾದರೂ ಆದರೆ? "ಕಶಾಲಾ ಉಗಾಚ್?" ಅಂದರು ಸೆಕ್ರೆಟರಿ. ಸುಮ್ಮನೆ ಯಾಕೆ ಬೇಕು ಅಂತ. "ನೀವು ಬೇಕಾದರೆ ಪರ್ಸನಲ್ ಆಗಿ ಬರೆಯಿರಿ."

ಬರೆದೆ. ತಪ್ಪು ನನ್ನದು, ಶಿವಪ್ಪ ಬೇಡ ಅಂದಿದ್ದರು ಅಂತ ಒಂದು ಪುಟ ಬರೆದು ಬಿಲ್ಡರನ ಆಫೀಸಿಗೆ ಮೇಲ್ ಮಾಡಿದೆ. ಎರಡೇ ನಿಮಿಷದಲ್ಲಿ ಸುಂದರ ಇಂಗ್ಲಿಷಿನಲ್ಲಿ ಉತ್ತರ ಬಂತು. ನಿಮ್ಮ ಕಾಳಜಿಯನ್ನು ನಾವು ಗೌರವಿಸುತ್ತೇವೆ ಅಂತ. ಒಂದು ಪುಟ ಓದಿ ಉತ್ತರ ಬರೆಯಲಿಕ್ಕೆ ಮನುಷ್ಯನಿಗೆ ಎರಡು ನಿಮಿಷ ಸಾಕಾ? ನೀವೇ ಹೇಳಿ.

ಶಿವಪ್ಪ ಈಗ ಖಾರಘರದ ಸೈಟಿನಲ್ಲಿದ್ದಾರೆ. ಸೂಪರ್‌ವೈಸರ್ ಅಲ್ಲ, ಸ್ಟೋರ್ ನೋಡಿಕೊಳ್ಳುತ್ತಾರೆ. ಮಗಳು ಪರೀಕ್ಷೆ ಮುಗಿಯುವವರೆಗೆ ವಿಠ್ಠಲವಾಡಿಯ ಸಂಬಂಧಿಕರ ಮನೆಯಲ್ಲಿ.

ಕ್ಯಾಮೆರಾ ಹೇಳಿದ್ದು ಸುಳ್ಳಾ? ಅಲ್ಲ. ಕ್ರೇನಿನ ಕೆಳಗೆ ಹದಿನೇಳು ಜನ ಬರಿತಲೆಯಲ್ಲಿ ನಿಂತದ್ದು ನಿಜ. ಆರತಿ ನಡೆಯುತ್ತಿದೆ ಅಂತ ಪಾನಾ ಮೇಲೆಯೇ ನಿಲ್ಲುವುದಿಲ್ಲ. ಅದು ನೋಡಬೇಕಾದದ್ದನ್ನು ನೋಡಿತು. ಆದರೆ ಶಿವಪ್ಪ "ಬ್ಯಾಡ್ರಿ" ಅಂದದ್ದು ಅದಕ್ಕೆ ಕೇಳಿಸಲಿಲ್ಲ. ಕೇಳಿಸಿದ್ದು ನನಗೊಬ್ಬನಿಗೆ.

ಮೊನ್ನೆ ಎಂಟನೇ ಸ್ಲ್ಯಾಬಿನ ಪೂಜೆಯೂ ಆಯಿತು. ಹೊಸ ಸೂಪರ್‌ವೈಸರ್, ಎಲ್ಲರ ತಲೆ ಮೇಲೂ ಹೆಲ್ಮೆಟ್. ಭಟ್ಟರೂ ಒಂದು ಹಳದಿ ಹೆಲ್ಮೆಟ್ ಹಾಕಿಕೊಂಡೇ ಮಂತ್ರ ಹೇಳಿದರು. ಅಂಕ ಮತ್ತೆ ತೊಂಬತ್ತೆಂಟು. ದೇವರು ಏನೂ ಅನ್ನಲಿಲ್ಲ. ಶಿವಪ್ಪ ಮೊದಲೇ ಹೇಳಿದ್ದರಲ್ಲ.

ಸಂಜೆ ಅವರಿಗೆ ಫೋನ್ ಮಾಡಿದೆ. ತಪ್ಪಾಯಿತು ಅಂತ ಮತ್ತೊಮ್ಮೆ ಹೇಳಿದೆ. ಹೋಗ್ಲಿ ಬಿಡ್ರಿ ಅಂದರು. ಒಂದು ದಿನ ಬಂದು ನಿಮ್ಮನ್ನು ಕಾಣಬೇಕು ಅಂದೆ.

"ಬರ್ರಿ ಸರ, ಚಾ ಕುಡಿಯೂಣು. ಆದ್ರ ಸೈಟಿನ್ಯಾಗ ಯಾರಿಗೂ ಏನೂ ಹೇಳಬ್ಯಾಡ್ರಿ."