ಇನ್ನೊಂದು ಬಾಟ್ಲಿ

ಅಣ್ಣಿಗೇರಿಯಲ್ಲಿ ವೈದ್ಯನಾಗಿ ನಾನು ಅತಿ ಹೆಚ್ಚು ಜಗಳವಾಡಿದ್ದು ಸಲಾಯಿನ್ ವಿಷಯಕ್ಕೆ. ನೆಗಡಿ ಬಂದರೂ ಜನ ‘ಒಂದ್ ಬಾಟ್ಲಿ ಹಚ್ಚರಿ, ಶಕ್ತಿ ಬರ್ತೈತಿ’ ಎಂದು ಹಟ ಹಿಡಿಯುತ್ತಾರೆ. ಅದು ಬರೀ ಉಪ್ಪುನೀರು ಎಂದು ಬೈದು ಕಳಿಸುತ್ತಿದ್ದೆ.

ಒಮ್ಮೆ ಶಲವಡಿಯ ಒಬ್ಬ ಟೇಲರ್ ತನ್ನ ತಾಯಿಯನ್ನು ಕರೆತಂದ. ಆಕೆಗೆ ಮೊದಲು ಬೆನ್ನುನೋವು, ಆಮೇಲೆ ತೀರದ ನೀರಡಿಕೆ, ಈಗ ಮಗನ ಗುರುತೂ ಹತ್ತದಷ್ಟು ಮಂಪರು. ರಕ್ತದಲ್ಲಿ ಕ್ಯಾಲ್ಸಿಯಂ ವಿಪರೀತ ಏರಿತ್ತು, ಮಂಪರು ಅದರಿಂದಲೇ. ಆಕೆ ನಾಚಿಕೊಂಡು ಮುಚ್ಚಿಟ್ಟಿದ್ದ ಎದೆಯ ಗಂಟು ಕ್ಯಾನ್ಸರ್ ಆಗಿ ಎಲುಬಿಗೆ ಇಳಿದು, ಎಲುಬನ್ನೇ ಕರಗಿಸಿ ಕ್ಯಾಲ್ಸಿಯಂ ಅನ್ನು ರಕ್ತಕ್ಕೆ ಬಿಡುತ್ತಿತ್ತು. ಏರಿದ ಕ್ಯಾಲ್ಸಿಯಂ ಇಳಿಸಲು ಮೊದಲ ಚಿಕಿತ್ಸೆ ಸಲಾಯಿನ್ನೇ. ಬಾಟ್ಲಿಯ ಮೇಲೆ ಬಾಟ್ಲಿ ಹಚ್ಚಿದೆ, ಎಲುಬು ಕರಗದಂತೆ ಇಂಜೆಕ್ಷನ್ ಕೊಟ್ಟೆ. ಕೆಲವೇ ದಿನಗಳಲ್ಲಿ ಮುದುಕಿ ಎದ್ದು ಕೂತು ಚಹಾ ಕೇಳಿದಳು.

‘ಕ್ಯಾಲ್ಸಿಯಂ ಅಷ್ಟ ಇಳದೈತಿ, ಕ್ಯಾನ್ಸರ್ ಹಂಗ ಐತಿ. ಹುಬ್ಬಳ್ಳಿ ಕ್ಯಾನ್ಸರ್ ದವಾಖಾನಿಗೆ ಕರ್ಕೊಂಡು ಹೋಗ್ರಿ’ ಎಂದೆ.

ಮಗ ನಕ್ಕ. ‘ಸುಮ್ನಿರ್ರಿ ಸಾಹೇಬ್ರ. ಬಾಟ್ಲಿ ಹಚ್ಚಿದ್ರ ಶಕ್ತಿ ಬರ್ತೈತಿ ಅಂತ ನಾವು ಹೇಳತಿದ್ದಿಲ್ಲೇನ್ರಿ?’

ಕೂಗಾಡಿದೆ. ನಾನೇ ನೀರೆರೆದು ಬೆಳೆಸಿದ ನಂಬಿಕೆ, ಕಿತ್ತುಹಾಕಲು ಆಗಲಿಲ್ಲ. ತಾಯಿಯನ್ನು ಮನೆಗೆ ಕರೆದೊಯ್ದ.

ಮುಂದೊಂದು ಮುಂಜಾನೆ ಅವನ ಫೋನು ಬಂತು. ಆಕೆಗೆ ಮತ್ತೆ ಮಂಪರು ಹತ್ತಿತ್ತಂತೆ. ಊರಿನ ಕಂಪೌಂಡರನನ್ನು ಕರೆಸಿ, ಹೊಲಿಗೆ ಯಂತ್ರದ ಬಾಜು ಅಂಗಿ ತೂಗುಹಾಕುವ ಗೂಟಕ್ಕೇ ಸಲಾಯಿನ್ ಕಟ್ಟಿಸಿದ್ದ.

‘ಸಾಹೇಬ್ರ, ಬಾಟ್ಲಿ ಖಾಲಿ ಆತ್ರಿ. ಅವ್ವ ಕಣ್ಣ ತಗೀವಲ್ಲಳ್ರಿ. ಕೈ ತಣ್ಣಗಾಗ್ಯಾವ್ರಿ. ಇನ್ನೊಂದ್ ಹಚ್ಚಲೇನ್ರಿ?’