ಕತ್ತರಿ ಅಕ್ಕ ಕೇಳಿದ ಎರಡು ಕನ್ನಡಿ

ಬೀದಿಯವರೆಲ್ಲ ಆಕೆಯನ್ನು ಕತ್ತರಿ ಅಕ್ಕ ಎನ್ನುತ್ತಿದ್ದರು. ಬಟ್ಟೆಗೂ ಮಾತಿಗೂ ಒಂದೇ ಕತ್ತರಿ. ಹೊಲಿಗೆ ಅಂಗಡಿಯ ಏಣಿಯಿಂದ ಬಿದ್ದು ಬೆನ್ನುಮೂಳೆ ಮುರಿದ ಮೇಲೆ ಸೊಂಟದ ಕೆಳಗೆ ಅರಿವು ಹೋಯಿತು. ನಾಲಿಗೆಗೆ ಏನೂ ಆಗಲಿಲ್ಲ. ಮಲಗಿ ಮಲಗಿ ಬೆನ್ನಿನ ಬುಡದಲ್ಲಿ ಹುಣ್ಣಾಯಿತು. ನೋವೇ ಇಲ್ಲದ್ದರಿಂದ ವಾಸನೆ ಬರುವವರೆಗೆ ಯಾರಿಗೂ ತಿಳಿಯಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಮಂಚದ ಪಕ್ಕ ನಿಂತು ಅಕ್ಕನ ಮಗನಿಗೆ ವಿವರಿಸುತ್ತಿದ್ದರು. ಸತ್ತ ಮಾಂಸ ಹೋಗದೆ ಹುಣ್ಣು ಮಾಯುವುದು ಕಷ್ಟ. ಚಾಕುವಿನಿಂದ ತೆಗೆದರೆ ಬೇಗ, ಆದರೆ ರಕ್ತ ಹೋಗುತ್ತದೆ. ಮುಲಾಮು ಹಚ್ಚಿ ಮುಚ್ಚಿದರೆ ತಾನೇ ಕರಗುತ್ತದೆ, ವಾರಗಟ್ಟಲೆ ಬೇಕು. ಒದ್ದೆ ಬಟ್ಟೆ ಇಟ್ಟು, ಒಣಗಿದ ಮೇಲೆ ಕೀಳುವುದು ಹಳೆಯ ಪದ್ಧತಿ. ಅದಕ್ಕೆಂದೇ ಸಾಕಿದ ಹುಳುಗಳಿಂದ ತಿನ್ನಿಸುವುದೂ ಉಂಟು.

"ಈ ವಯಸ್ಸಲ್ಲಿ ಅಮ್ಮಂಗೆ ಚಾಕು ಯಾಕೆ," ಎಂದ ಮಗ. "ಬಟ್ಟೆ ಕೀಳೋದನ್ನ ಮನೇಲಿ ನಾನೇ ಮಾಡ್ತಿದೀನಲ್ಲ. ಹೇಗೂ ಮಲಗೇ ಇರ್ತಾಳೆ."

ಗೋಡೆಯತ್ತ ಮುಖ ಮಾಡಿ ಮಲಗಿದ್ದ ಅಕ್ಕ ಕೇಳಿದಳು: "ಬಟ್ಟೆ ನಂದು, ಅಳತೆ ನಿಮ್ಮಿಬ್ಬರದಾ? ಅಂಗಡಿಯಿಂದ ಆ ಎರಡು ಕನ್ನಡಿ ತಗೊಂಡು ಬಾ."

"ನೋಡಿದ್ರೆ ತಲೆ ಸುತ್ತಿ ಬೀಳ್ತೀಯಮ್ಮ."

"ಇನ್ನೆಲ್ಲಿಗಪ್ಪಾ ಬೀಳಲಿ? ಮಲಗೇ ಇದೀನಲ್ಲ."

ಗಿರಾಕಿಗಳಿಗೆ ಕೋಟಿನ ಬೆನ್ನು ತೋರಿಸಲು ಆಕೆ ಒಂದು ಕನ್ನಡಿ ಮುಂದೆ, ಇನ್ನೊಂದು ಹಿಂದೆ ಹಿಡಿಯುವವಳು. ಬೆನ್ನು ನೋಡಿಕೊಳ್ಳದೆ ಯಾರೂ ಅಂಗಡಿ ಇಳಿಯುವಂತಿರಲಿಲ್ಲ. ಮಗ ಹೋಗಿ ಅವನ್ನು ತಂದ ಮೇಲೆ ಸೊಸೆ ಹಿಂದೆ, ಅವನು ಮುಂದೆ ಹಿಡಿದರು. ಹುಣ್ಣಿನ ನಡುವೆ ತೊಗಲಿನಂಥ ಕಪ್ಪು. ಅಂಚಿನಲ್ಲಿ ಹೊಸ ಕೆಂಪು. ಅದರ ಮೇಲೆ ಸೂಜಿಮೊನೆಯಷ್ಟು ರಕ್ತದ ಹನಿಗಳು.

"ಕೆಂಪು ಯಾಕೆ ಜಿನುಗ್ತಿದೆ?"

"ಒಣಗಿದ ಬಟ್ಟೆ ಕಿತ್ತಾಗ ಸತ್ತಿದ್ದರ ಜೊತೆ ಬದುಕಿದ್ದೂ ಕಿತ್ತು ಬರುತ್ತೆ," ಎಂದರು ಡಾಕ್ಟರಮ್ಮ.

ಮಗನ ಕೈಯ ಕನ್ನಡಿ ತುಸು ಕೆಳಗಿಳಿಯಿತು. "ಜಾಸ್ತಿ ಬಂದಷ್ಟೂ ಒಳ್ಳೇದು ಅಂದ್ಕೊಂಡಿದ್ದೆ."

"ಪ್ರೀತಿಯಿಂದಲೇ ಕಿತ್ತಿದ್ದೀಯ. ಇನ್ನು ಸಾಕು. ಕನ್ನಡಿ ಎತ್ತು. ಡಾಕ್ಟರಮ್ಮ, ಇವುಗಳಲ್ಲಿ ಯಾವುದು ಮೇಲು?"

"ಎಲ್ಲರಿಗೂ ಇದೇ ಮೇಲು ಅನ್ನೋಷ್ಟು ಪುರಾವೆ ಇಲ್ಲ. ನಿಮಗೇನು ಬೇಕು ಹೇಳಿ."

"ಬೇಗ ಹೊಲಿಗೆಯ ಕೈಮಿಷನ್ ಮುಂದೆ ಕೂರಬೇಕು."

"ಹಾಗಾದ್ರೆ ಚಾಕು. ಅಪಾಯ ಇಲ್ಲ ಅನ್ನಲ್ಲ."

"ಕಪ್ಪು ಕತ್ತರಿಸಿ, ಉಳಿದದ್ದಕ್ಕೆ ಮುಲಾಮು. ಕೆಂಪಿನ ತಂಟೆಗೆ ಯಾರೂ ಹೋಗಬೇಡಿ. ಅದು ದೇವರು ಈಗ ನೇಯ್ತಿರೋದು."

"ಇಷ್ಟು ಹಠ ಯಾಕತ್ತೆ?" ಎಂದಳು ಸೊಸೆ ಮೆಲ್ಲಗೆ.

"ಸತ್ತಿರೋದು ಅಂಗೈಯಗಲ ಮಾಂಸ ಕಣೇ. ನಾನಲ್ಲ."

ಚಾಕು ಆಡುತ್ತಿದ್ದಷ್ಟು ಹೊತ್ತೂ ಆಕೆ ಕನ್ನಡಿಯಿಂದ ಕಣ್ಣು ತೆಗೆಯಲಿಲ್ಲ.

ಹುಣ್ಣು ಮಾಯಲು ತಿಂಗಳುಗಳೇ ಹಿಡಿದವು. ಸ್ವಲ್ಪ ಸ್ವಲ್ಪ ಹೊತ್ತು ಕೂರಬಹುದು ಎಂದಾಗ ಅಕ್ಕ ಮೊದಲು ಹೊಲಿದದ್ದು ಮಗನಿಗೊಂದು ಅಂಗಿ. ಅವನು ತೊಟ್ಟು ಬಾಗಿಲತ್ತ ಹೊರಟ.

"ಎಲ್ಲಿಗೆ?" ಅಕ್ಕ ಒಂದು ಕನ್ನಡಿ ಎತ್ತಿ, ಇನ್ನೊಂದನ್ನು ಸೊಸೆಯ ಕೈಗಿಟ್ಟಳು. "ತಿರುಗು. ಬೆನ್ನು ನೋಡ್ಕೊಂಡು ಹೋಗು."