ಮಂಟಪದಲ್ಲಿ ಕುಳಿತ ಡ್ರಮ್ಮರ್

“ಆಪಾ, ನನಗೂ ಈಕಿ ಹಂಗ ಕೂದಲ ಉಬ್ಬಿಸಿ ಬಿಡ್ರಿ,” ಎಂದು ಮದುಮಗಳಾಗಲಿದ್ದ ನನ್ನ ತಂಗಿ ಗಜೇಂದ್ರಗಡದ ಪಾರ್ಲರ್ ನಡೆಸುವ ಶಾಹೀನಾಗೆ ಗೋಡೆಯ ಮೇಲಿದ್ದ ಪೋಸ್ಟರ್ ತೋರಿಸಿದಾಗ ನಾನು ಕುರ್ಚಿಯಿಂದ ಬೀಳುವುದೊಂದು ಬಾಕಿ. ಅದು ಹಾಸ್ಟೆಲಿನಲ್ಲಿ ಕ್ಯಾಸೆಟ್ ಸವೆಯುವಷ್ಟು ನಾನು ಕೇಳಿದ್ದ, ಗ್ಲಾಮ್ ಮೆಟಲ್ ಎಂಬ ಅಬ್ಬರದ ರಾಕ್ ಸಂಗೀತದ ವಿದೇಶಿ ಬ್ಯಾಂಡ್. ‘ಈಕಿ’ ಅದರ ಡ್ರಮ್ಮರ್. ನಾಲ್ವರೂ ಗಂಡಸರು, ಗೆಳತಿಯರ ಲಿಪ್‌ಸ್ಟಿಕ್ಕಿನಲ್ಲೇ ಮೆರೆದವರು. ಗಾಯಕನ ಗೆಳತಿ ರೋಸಿ ಮೇಕಪ್ ಡಬ್ಬಿ ಸಮೇತ ಬಿಟ್ಟುಹೋದಾಗ ಅವನು ಅತ್ತು ಬರೆದದ್ದೇ ಅವರ ಹಿಟ್ ಹಾಡು ಎಂದೆಲ್ಲ ವಿವರಿಸಿದೆ.

ಶಾಹೀನಾ ಬಾಚಣಿಗೆ ಕೆಳಗಿಡಲಿಲ್ಲ. “ಗಂಡಸರಿಗೇ ಇಷ್ಟ ಒಪ್ಪೇತಿ ಅಂದಮ್ಯಾಲೆ ನಮ್ಮ ಹುಡುಗಿಗೆ ಒಪ್ಪೂದಿಲ್ಲೇನ್ರಿ?”

ಮರುದಿನ ರೋಣದ ಮಂಟಪದಲ್ಲಿ ಥೇಟ್ ಆ ಡ್ರಮ್ಮರನೇ ಬಾಸಿಂಗ ಕಟ್ಟಿಕೊಂಡು ತಲೆತಗ್ಗಿಸಿ ಕುಳಿತಂತಿತ್ತು. ಮೊದಲೆಲ್ಲ ಆ ಹಾಡಿಗೆ ಅಳುತ್ತಿದ್ದೆ. ಈಗ ಅದನ್ನು ಕೇಳಿದರೆ ನೆನಪಾಗುವುದು, ನನ್ನ ಕಿವಿಯ ಹತ್ತಿರ ಬಂದು ಮೆಲ್ಲಗೆ ಪಾರ್ಲರಿನ ವಿಳಾಸ ಕೇಳಿದ ತಂಗಿಯ ಅತ್ತೆ.